ಕೆಂಪು ಚೀಟಿಯ ಶೇಖರಪ್ಪ

ನಮ್ಮ ಪಕ್ಕದ ಮನೆಯ ಶೇಖರಪ್ಪನವರು ಯಾವುದನ್ನೂ ಇದ್ದ ಹಾಗೆ ಬಿಟ್ಟವರಲ್ಲ. ಆರ್.ಟಿ. ನಗರದಲ್ಲಿ ನಾವು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ, ಬಂದವರೆಲ್ಲ ಊಟ ಮಾಡಿ, ಮನೆ ಚೆನ್ನಾಗಿದೆ ಎಂದು ಹೇಳಿ ತಾಂಬೂಲ ತೆಗೆದುಕೊಂಡು ಹೋದರು. ಇವರು ಮಾತ್ರ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು, ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದು, "ಅಕ್ಕಾರ, ನಿಮ್ಮ ಹೊಸ್ತಿಲಾ ಎಡಕ್ಕ ಮೂರು ಮಿಲಿಮೀಟರ್ ಇಳದೈತಿ ನೋಡ್ರಿ" ಎಂದರು. ನನ್ನ ಯಜಮಾನರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತಿಗೂ ಆ ಹೊಸ್ತಿಲು ದಾಟುವಾಗ ನನ್ನ ಕಣ್ಣು ಮೊದಲು ಎಡಕ್ಕೇ ಹೋಗುತ್ತದೆ.

ಅವರು ಗದಗಿನ ಕಡೆಯವರು. ಯಶವಂತಪುರದ ಒಂದು ಯಂತ್ರದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ೧೯೭೮ರಲ್ಲಿ ನಿವೃತ್ತರಾದರು. ಬೇರೆಯವರು ಮಾಡಿದ ಸಾಮಾನಿನಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ಅದಕ್ಕೆ ಸಂಬಳ ಬೇರೆ. ಅಲ್ಲಿ ಒಂದು ಪದ್ಧತಿ ಇತ್ತಂತೆ. ಅಳತೆ ತಪ್ಪಿದ ಸಾಮಾನಿಗೆ ಇನ್ಸ್‌ಪೆಕ್ಟರು ದಾರದಿಂದ ಒಂದು ಕೆಂಪು ರಟ್ಟಿನ ಚೀಟಿ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದನ್ನು ಯಾರೂ ಬಳಸುವಂತಿಲ್ಲ, ಸೀದಾ ಗುಜರಿ ಷೆಡ್ಡಿಗೆ ಹೋಗಬೇಕು. ಕಟ್ಟಿದವರೇ ಬಿಚ್ಚಬೇಕು, ಕಾರ್ಖಾನೆಯ ದೊಡ್ಡ ಸಾಹೇಬರೇ ಬಂದರೂ ಆ ಗಂಟು ಮುಟ್ಟುವಂತಿಲ್ಲ. ಇವರು ನಿವೃತ್ತರಾಗುವ ವರ್ಷ ಕಾರ್ಖಾನೆಯವರು ಹೊಸ ನಮೂನೆಯ ಚೀಟಿ ಅಚ್ಚು ಹಾಕಿಸಿ ಹಳೆಯವನ್ನು ಎಸೆಯಲು ಹೊರಟಿದ್ದರು. ಇವರು ನಾಲ್ಕು ಕಟ್ಟು ಕೇಳಿ ಪಡೆದು ಮನೆಗೆ ತಂದರು.

"ಹಸಿರು ಚೀಟೀನೂ ಇರುತ್ತೆ ಅಂತಿದ್ರಲ್ಲ, ಸರಿ ಇರೋ ಸಾಮಾನಿಗೆ ಕಟ್ಟೋದು. ಅದನ್ನ ತರಲಿಲ್ವಾ?" ಎಂದು ನಾನು ಕೇಳಿದೆ.

"ಚಲೋ ಇದ್ದದ್ದಕ್ಕ ಚೀಟಿ ಯಾಕ ಬೇಕ್ರಿ ಅಕ್ಕಾರ?" ಎಂದರು.

ಅವರ ಬಳಿ ಒಂದು ದೊಡ್ಡ ಕತೆ ಇತ್ತು. ಬೀದಿಯಲ್ಲಿ ಅದನ್ನು ಕೇಳದ ಮನೆಯಿಲ್ಲ. ಒಮ್ಮೆ ಒಂದೇ ದಿನ ಮುನ್ನೂರು ಬುಷ್‌ಗಳಿಗೆ, ಅಂದರೆ ನಡುವೆ ತೂತಿರುವ ಲೋಹದ ಗಿಡ್ಡ ಕೊಳವೆಗಳಿಗೆ, ಅವರು ಕೆಂಪು ಚೀಟಿ ಕಟ್ಟಿದ್ದರು. ಫೋರ್‌ಮನ್ ಕೂಗಾಡಿದನಂತೆ, ಯೂನಿಯನ್ನಿನವರು ಬಂದರಂತೆ, ಇವರು ಜಗ್ಗಲಿಲ್ಲವಂತೆ. ಅಲ್ಲಿಗೆ ಕತೆ ನಿಲ್ಲುತ್ತಿತ್ತು. "ಆಮೇಲೆ ಏನಾಯ್ತು?" ಎಂದು ಯಾರಾದರೂ ಕೇಳಿದರೆ ಇವರು ಆಕಾಶ ನೋಡಿ, "ಮಳಿ ಬರೂ ಹಂಗ ಕಾಣ್ತೈತಿ" ಎನ್ನುತ್ತಿದ್ದರು. ಮಾರ್ಚ್ ತಿಂಗಳಲ್ಲೂ ಅವರಿಗೆ ಮಳೆ ಕಾಣುತ್ತಿತ್ತು.

ನಿವೃತ್ತಿಯಾದ ಆರೇ ತಿಂಗಳಿಗೆ ಅವರ ಹೆಂಡತಿ ಚನ್ನಕ್ಕನವರು ಹೈರಾಣಾಗಿಹೋದರು. ಅವರು ತಟ್ಟಿದ ರೊಟ್ಟಿಯ ದಪ್ಪವನ್ನು ಗಂಡ ವರ್ನಿಯರ್ ಹಿಡಿದು ಅಳೆಯುತ್ತಿದ್ದರು. ವರ್ನಿಯರ್ ಎಂದರೆ ಎರಡು ಕೊಕ್ಕಿರುವ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ತೋರಿಸುವ ಅಳತೆಯ ಸಾಧನ. ಆ ಹೊತ್ತಿಗೆ ಕೊಡಿಗೇಹಳ್ಳಿಯ ದಾರಿಯಲ್ಲಿ, ದ್ರಾಕ್ಷಿ ತೋಟದ ಹಿಂದಿನ ಹಳೆಯ ಬಂಗಲೆಯಲ್ಲಿ ನಡೆಯುತ್ತಿದ್ದ ಹೆಂಗಸರ ವೃದ್ಧಾಶ್ರಮದವರು ದೇವಸ್ಥಾನದ ಬೋರ್ಡಿನಲ್ಲಿ ಒಂದು ಪ್ರಕಟಣೆ ಅಂಟಿಸಿದರು. ವಾರಕ್ಕೊಮ್ಮೆ ಬಂದು, ಅಲ್ಲಿರುವವರ ಕಷ್ಟಸುಖ ವಿಚಾರಿಸಿ, ಅವರ ಪರವಾಗಿ ಕಮಿಟಿಯ ಮುಂದೆ ಮಾತಾಡುವವರು ಬೇಕು, ಸಂಬಳವಿಲ್ಲ. ಅದನ್ನು ಓದಿ ಬಂದು ಗಂಡನಿಗೆ ಹೇಳಿದವರು ಚನ್ನಕ್ಕನವರೇ.

ಆದರೆ ಹೆಂಗಸರ ಹಾಲ್‌ಗೆ ಗಂಡಸು ಒಬ್ಬನೇ ಹೋಗುವಂತಿಲ್ಲ, ಜೊತೆಗೊಬ್ಬ ಹೆಂಗಸು ಇರಬೇಕು. ಚನ್ನಕ್ಕನವರು ನಮ್ಮ ಕಾಂಪೌಂಡಿನ ಗೋಡೆಯ ಆಚೆ ನಿಂತು, "ಪಂಕಜಾ, ನನಗ ಮೊಣಕಾಲು ಬ್ಯಾನಿ. ನೀ ಹೋಗವ್ವಾ, ಪುಣ್ಯಾ ಬರತೈತಿ" ಎಂದರು. ಆಮೇಲೆ ದನಿ ತಗ್ಗಿಸಿ, "ನನಗೂ ವಾರಕ್ಕ ಒಂದಿನ ಮನೀ ಶಾಂತ ಸಿಗತೈತಿ" ಎಂದರು. ನಾನು ಹೂಂ ಎಂದೆ. ಹೀಗೆ ೧೯೭೯ರ ಜನವರಿಯಿಂದ ಪ್ರತಿ ಶನಿವಾರ ನಾವಿಬ್ಬರೂ ಹೆಬ್ಬಾಳದವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆಯತೊಡಗಿದೆವು. ಅವರ ಹೆಗಲಲ್ಲಿ ಖಾಕಿ ಚೀಲ. ಅದರಲ್ಲಿ ಸ್ಕೇಲು, ವರ್ನಿಯರ್, ನೋಟ್‌ಬುಕ್ ಮತ್ತು ಕೆಂಪು ಚೀಟಿ.

ಮೊದಲ ಶನಿವಾರವೇ ಅವರು ಅಡುಗೆಮನೆಗೆ ಹೋಗಿ ಇಡ್ಲಿ ಅಳೆದರು. ಒಂದೊಂದು ಇಡ್ಲಿ ಒಂದೊಂದು ದಪ್ಪ ಇದೆ, ಇದು ಅನ್ಯಾಯ ಎಂದು ಮ್ಯಾನೇಜರ್ ಜಯಸಿಂಹನ ಮುಂದೆ ಗಲಾಟೆ ಮಾಡಿದರು. ಜಯಸಿಂಹ ಸಾಧು ಮನುಷ್ಯ, ಯಾವಾಗಲೂ ತಲೆನೋವಿನವನ ಹಾಗೆ ಹಣೆ ಒತ್ತಿಕೊಳ್ಳುತ್ತಿದ್ದ. ಮುಂದಿನ ವಾರದಿಂದ ಇಡ್ಲಿಗಳೆಲ್ಲ ಒಂದೇ ದಪ್ಪ. ಆಗ ತಿಳಿಯಿತು, ಹಸಿವು ಕಡಿಮೆ ಇರುವ ಮುದುಕಿಯರು ಬೇಕೆಂದೇ ತೆಳ್ಳಗಿನ ಇಡ್ಲಿ ಆರಿಸಿಕೊಳ್ಳುತ್ತಿದ್ದರು. ಈಗ ಅರ್ಧ ತಿಂದು ಅರ್ಧ ಬಿಡಬೇಕಾಯಿತು.

ಅಲ್ಲಿಂದ ಚೀಟಿ ಕಟ್ಟುವುದು ಶುರುವಾಯಿತು. ತೂತು ಬಿದ್ದ ಬಕೆಟ್ಟಿಗೆ ಒಂದು, ಒಡೆದ ಸ್ಟೂಲಿಗೆ ಒಂದು. ಆಶ್ರಮದ ಆಳು ಮುನಿಆಂಜಿನಪ್ಪ ಹತ್ತಿರದ ಹಳ್ಳಿಯವನು, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಕೆಂಪು ಚೀಟಿ ಕಂಡರೆ ಸಾಕು, ಸೋಮವಾರ ಬೆಳಿಗ್ಗೆ ಆ ಸಾಮಾನನ್ನು ಹೊತ್ತು ಹಿತ್ತಲಿನ ಷೆಡ್ಡಿಗೆ ಹಾಕಿ ಕೈ ಝಾಡಿಸಿಕೊಳ್ಳುತ್ತಿದ್ದ. ಹಾಲ್‌ನ ಗೋಡೆ ಗಡಿಯಾರ ಹನ್ನೊಂದು ನಿಮಿಷ ಹಿಂದೆ ಇತ್ತು. ಅದಕ್ಕೂ ಚೀಟಿ ಬಿತ್ತು, ಅದೂ ಷೆಡ್ಡಿಗೆ ಹೋಯಿತು. ಹನ್ನೊಂದು ನಿಮಿಷ ಕೂಡಿಸಿಕೊಳ್ಳಬೇಕು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಈಗ ಕೂಡಿಸಿಕೊಳ್ಳುವುದಕ್ಕೂ ಏನೂ ಇಲ್ಲದೆ ನಾಲ್ಕು ತಿಂಗಳು ಹೊತ್ತು ಕಂಡುಹಿಡಿಯಲು ಕಿಟಕಿಯ ನೆರಳು ನೋಡಿದರು.

ಪುಟ್ಟಲಕ್ಷ್ಮಿ ಎಂಬಾಕೆ ಮಾತೇ ಆಡದ ಹೆಂಗಸು. ಆಕೆ ಒಂದು ಕೈ ಮುರಿದ ಕುರ್ಚಿಯಲ್ಲಿ ದಿನವಿಡೀ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಶೇಖರಪ್ಪನವರು ಕುರ್ಚಿಗೆ ಚೀಟಿ ಕಟ್ಟಿ, ಕಮಿಟಿಯೊಂದಿಗೆ ಒಂದು ತಿಂಗಳು ಜಗಳವಾಡಿ, ಹೊಸ ಕುರ್ಚಿ ತರಿಸಿದರು. ಪುಟ್ಟಲಕ್ಷ್ಮಿ ಅಂದಿನಿಂದ ನೆಲದ ಮೇಲೆ ಕೂತಳು. ಆ ಮುರಿದ ಕಡೆಯಿಂದಲೇ ಆಕೆ ಕಾಲು ಚಾಚಿ ಹತ್ತಿಯ ಬುಟ್ಟಿ ಇಟ್ಟುಕೊಳ್ಳುತ್ತಿದ್ದಳು ಎಂದು ನಮಗೆ ಹೇಳಿದ್ದು ಪಕ್ಕದ ಮಂಚದ ದ್ರೌಪದಮ್ಮ.

ದ್ರೌಪದಮ್ಮನ ವಿಷಯ ಹೇಳಬೇಕು. ಎಪ್ಪತ್ತಾರು ವರ್ಷ, ಗಂಡ ಮಕ್ಕಳಿಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿದ್ದು ಅಲ್ಲಿಂದ ಇಲ್ಲಿಗೆ ಬಂದಾಕೆ. ನೂರಾರು ಹುಡುಗಿಯರಿಗೆ ಬಡಿಸಿದ ಕೈ, ನೂರಾರು ಹುಡುಗಿಯರನ್ನು ಗದರಿಸಿದ ಬಾಯಿ. ಶೇಖರಪ್ಪನವರ ಚೀಟಿಗಳನ್ನು ನೋಡಿ ನಗುತ್ತಿದ್ದವಳು ಆ ಹಾಲ್‌ನಲ್ಲಿ ಅವಳೊಬ್ಬಳೇ.

"ಸ್ವಾಮಿ, ನಮ್ ಪರವಾಗಿ ಮಾತಾಡೋಕೆ ಬರ್ತೀರ, ಸರಿ. ಏನ್ ಮಾತಾಡ್ಬೇಕು ಅಂತ ನಮ್ಮನ್ನ ಒಂದ್ ಮಾತು ಕೇಳಿದ್ರೆ ನಿಮ್ ಗಂಟೇನ್ ಹೋಗುತ್ತೆ?" ಎಂದು ಅವಳು ಕೇಳಿದಳು.

"ಕೇಳಿದ್ರ ನೀವು ಎಲ್ಲಾ ಚಲೋ ಐತಿ ಅಂತೀರಿ. ಬಕೆಟ್ಟು ಸೋರತೈತೋ ಇಲ್ಲೋ ಅಂತ ಬಕೆಟ್ಟನ್ನ ಕೇಳೂದಲ್ರಿ, ನೋಡೂದು" ಎಂದರು ಇವರು.

"ನಾನೇನ್ ಬಕೆಟ್ಟಾ?" ಎಂದಳು ದ್ರೌಪದಮ್ಮ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ನಗುವುದಷ್ಟೇ ಮಾಡಿದರೆ ನನ್ನದೂ ಅನ್ಯಾಯವಾಗುತ್ತದೆ. ಸ್ನಾನಕ್ಕೆ ಬೆಳಿಗ್ಗೆ ಬಿಸಿನೀರು ಬಂದದ್ದು ಅವರಿಂದ. ಕಣ್ಣಿನ ಡಾಕ್ಟರು ವರ್ಷಕ್ಕೆರಡು ಸಲ ಬಂದದ್ದು ಅವರಿಂದ. ಹಾಲಿಗೆ ನೀರು ಬೆರೆಸುವುದು ನಿಂತದ್ದೂ ಅವರಿಂದಲೇ. ಮೂರು ವರ್ಷದಲ್ಲಿ ಮಳೆ ಬಿಸಿಲು ಎನ್ನದೆ ಒಂದು ಶನಿವಾರವೂ ತಪ್ಪಿಸಲಿಲ್ಲ. ಜ್ವರ ಬಂದಾಗ ನಾನು ತಪ್ಪಿಸಿದ್ದೇನೆ. ಆಗ ಅವರು ಹಾಲ್‌ನ ಹೊರಗೆ ಜಗಲಿಯಲ್ಲಿ ಕೂತು ಕಿಟಕಿಯೊಳಗಿಂದ ವಿಚಾರಿಸಿ ಬರುತ್ತಿದ್ದರು.

೧೯೮೨ರ ಬೇಸಿಗೆಯಲ್ಲಿ ಅವರು ಬಚ್ಚಲಿನ ನೆಲದ ಕಲ್ಲನ್ನು ಕಂಡು ಕೋಪಗೊಂಡರು. ಕಲ್ಲು ಸವೆದು ನುಣ್ಣಗಾಗಿ ಕಾಲಿಟ್ಟರೆ ಜಾರುತ್ತಿತ್ತು. ಅಲ್ಲಿನ ನಲ್ಲಿಗೆ ಒಂದು ಕೆಂಪು ಚೀಟಿ ಕಟ್ಟಿ, ಕಲ್ಲಿಗೆ ಉಳಿ ಹೊಡೆಸಿ ಒರಟು ಮಾಡಿಸಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಚೀಟಿ ಕಟ್ಟಿದರೆ ಕೆಲಸ ಆಗುತ್ತದೆ ಎಂಬುದು ಅವರಿಗೆ ಇಪ್ಪತ್ತೆಂಟು ವರ್ಷದ ಅಭ್ಯಾಸ. ಜಯಸಿಂಹನಿಗೆ ಬಾಯಿಬಿಟ್ಟು ಹೇಳಲಿಲ್ಲ. ಸೋಮವಾರ ಮುನಿಆಂಜಿನಪ್ಪ ಬಂದು ಚೀಟಿ ನೋಡಿದ. ಬಕೆಟ್ಟನ್ನು ಹೊತ್ತ ಹಾಗೆ ಬಚ್ಚಲನ್ನು ಹೊತ್ತು ಷೆಡ್ಡಿಗೆ ಹಾಕಲಾಗುವುದಿಲ್ಲವಲ್ಲ, ಸುಮ್ಮನಾದ. ನೀರಿಗೆ ನೆನೆದು ಚೀಟಿ ನಾಲ್ಕು ದಿನದಲ್ಲಿ ಕರಗಿಹೋಯಿತು. ಐದನೆಯ ದಿನ ದ್ರೌಪದಮ್ಮ ಅದೇ ಕಲ್ಲಿನ ಮೇಲೆ ಜಾರಿ ಬಿದ್ದಳು.

ಸೊಂಟದ ಮೂಳೆ ಮುರಿದಿತ್ತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ವಾಪಸು ಬಂದಾಗ ಅವಳಿಗೆ ಎದ್ದು ಕೂರಲಾಗುತ್ತಿತ್ತು, ಎರಡು ಹೆಜ್ಜೆ ಇಡಲಾಗುತ್ತಿರಲಿಲ್ಲ. ಆಶ್ರಮಕ್ಕೆ ಹನ್ನೊಂದನೆಯ ನಿಯಮ ಎಂದು ಒಂದಿತ್ತು. ಸ್ವಂತ ಕಾಲಿನ ಮೇಲೆ ಊಟದ ಮನೆಗೆ ಬರಲಾಗದವರನ್ನು ಮೂವತ್ತು ದಿನ ನೋಡಿ ಅವರ ಕಡೆಯವರಿಗೆ ಒಪ್ಪಿಸಬೇಕು. ಕಡೆಯವರಿಲ್ಲದಿದ್ದರೆ ಸರ್ಕಾರದ ನಿರಾಶ್ರಿತರ ಕೇಂದ್ರಕ್ಕೆ ಕಳಿಸಬೇಕು. ದ್ರೌಪದಮ್ಮನಿಗೆ ಕಡೆಯವರು ಯಾರಿದ್ದಾರೆ? ಪಕ್ಕದ ಮಂಚದ ಪುಟ್ಟಲಕ್ಷ್ಮಿ ಇದ್ದಳು, ಅಷ್ಟೇ. ಇಪ್ಪತ್ತು ದಿನ ಕಳೆದಿದ್ದವು. ಒಂದು ಶುಕ್ರವಾರ ಜಯಸಿಂಹ ಹಣೆ ಒತ್ತಿಕೊಳ್ಳುತ್ತ ಅವಳಿಗೆ ಆ ನಿಯಮವನ್ನು ಓದಿ ಹೇಳಿ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಕಮಿಟಿ ಸೇರಿ ತೀರ್ಮಾನ ಮಾಡುತ್ತದೆ ಎಂದು ತಿಳಿಸಿದ.

ಇದು ನಮಗೆ ಗೊತ್ತಿರಲಿಲ್ಲ. ಮರುದಿನ ಶನಿವಾರ ನಾವು ಹೋದಾಗ ದ್ರೌಪದಮ್ಮ ನಿದ್ದೆಯಲ್ಲಿದ್ದಳು. ನಾನು ಪುಟ್ಟಲಕ್ಷ್ಮಿಯ ತಲೆ ಬಾಚುತ್ತಿದ್ದೆ. ಶೇಖರಪ್ಪನವರು ದ್ರೌಪದಮ್ಮನ ಮಂಚವನ್ನು ಮೆಲ್ಲಗೆ ಅಲುಗಿಸಿ ನೋಡಿದರು. ಒಂದು ಕಾಲು ಅರ್ಧ ಇಂಚು ಗಿಡ್ಡ, ಮಂಚ ಓಲಾಡುತ್ತಿತ್ತು. ಇದರಿಂದಲೂ ಬಿದ್ದುಬಿಟ್ಟರೆ ಏನು ಗತಿ ಎಂದು ಅವರಿಗೆ ಗಾಬರಿ. ಬಚ್ಚಲಿನ ಕಲ್ಲು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಹೊಸ ಮಂಚ ಕೊಡಿಸಲೇಬೇಕು ಎಂದುಕೊಂಡು ಕಾಲ ಕಡೆಯ ಸರಳಿಗೆ ಕೆಂಪು ಚೀಟಿ ಕಟ್ಟಿ, ಎರಡು ಗಂಟು ಹಾಕಿದರು. ಮಲಗಿದವಳನ್ನು ಎಬ್ಬಿಸುವುದೇಕೆ ಎಂದು ನಾವು ಸದ್ದಿಲ್ಲದೆ ಹೊರಟೆವು.

ಮುಂದಿನ ಶನಿವಾರ ಹೋದರೆ ದ್ರೌಪದಮ್ಮ ತಲೆ ಬಾಚಿ, ಒಗೆದ ಸೀರೆಯುಟ್ಟು, ದಿಂಬಿಗೆ ಒರಗಿ ಕೂತಿದ್ದಳು. ಅವಳ ತಗಡಿನ ಟ್ರಂಕು ಬೀಗ ಹಾಕಿಕೊಂಡು ಮಂಚದ ಮೇಲಿತ್ತು. ಗೋಡೆಯ ದೇವರ ಪಟ ಇಳಿದಿತ್ತು.

"ಗಾಡಿ ಎಷ್ಟ್ ಹೊತ್ತಿಗೆ ಬರುತ್ತೆ ಸ್ವಾಮಿ?" ಎಂದು ಕೇಳಿದಳು.

"ಯಾವ ಗಾಡಿ?" ಎಂದರು ಶೇಖರಪ್ಪನವರು.

ಅವಳು ಕಾಲ ಕಡೆ ಕೈ ತೋರಿಸಿದಳು. ಕೆಂಪು ಚೀಟಿ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. "ಶುಕ್ರವಾರ ಮ್ಯಾನೇಜರ್ರು ಕಾಯ್ದೆ ಓದಿದ್ರು. ಶನಿವಾರ ಎದ್ದು ನೋಡಿದ್ರೆ ನಿಮ್ ಚೀಟಿ. ಸೋಮವಾರ ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ಮುನಿಆಂಜಿನಪ್ಪನೂ ಎರಡ್ ಸಲ ಬಂದು ನೋಡ್ಕೊಂಡ್ ಹೋದ" ಎಂದಳು.

ಬಾಗಿಲಲ್ಲಿದ್ದ ಮುನಿಆಂಜಿನಪ್ಪ, "ಅಮ್ಮ ಮನಗಿರೋ ಮಂಚ ಎಂಗೆ ಸಾಮಿ ಎತ್ತೋದು? ಅವರು ಓಗ್ಲಿ ಅಂತ ಇದ್ದೆ" ಎಂದ. ಅವನಲ್ಲಿ ಏನೂ ಕಪಟವಿರಲಿಲ್ಲ.

ಐದು ದಿನ ಆ ಜೀವ ಟ್ರಂಕಿಗೆ ಬೀಗ ಹಾಕಿಕೊಂಡು ಗಾಡಿಯ ಸದ್ದಿಗೆ ಕಿವಿಗೊಟ್ಟು ಕೂತಿತ್ತು. ಕಮಿಟಿಯ ತೀರ್ಮಾನ ಆಗಿಹೋಯಿತು, ಅದನ್ನು ತಿಳಿಸಲು ತಮ್ಮ ಪರವಾಗಿ ಮಾತಾಡುವವರೇ ಬಂದು ಚೀಟಿ ಕಟ್ಟಿದ್ದಾರೆ ಎಂದುಕೊಂಡಿದ್ದಳು. ಶೇಖರಪ್ಪನವರ ಮೇಲೆ ನನಗೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಮುಖ ನೋಡಿದರೆ ಬೈಯಲೂ ಆಗಲಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿಕೊಂಡಿತ್ತು.

"ಮಂಚಕ್ಕರೀ... ಮಂಚ ಅಲುಗಾಡತಿತ್ತು... ನಿಮಗಲ್ರಿ" ಎನ್ನುತ್ತ ಅವರು ಬಗ್ಗಿ ಗಂಟಿಗೆ ಕೈ ಹಾಕಿದರು.

ದ್ರೌಪದಮ್ಮ ಆಸ್ಪತ್ರೆಯವರು ಕೊಟ್ಟಿದ್ದ ಊರುಗೋಲನ್ನು ಚಾಚಿ ಅವರ ಕೈಗೆ ಅಡ್ಡ ಹಿಡಿದಳು. "ಕಟ್ಟೋವಾಗ ಕೇಳ್ಲಿಲ್ಲ. ಬಿಚ್ಚೋವಾಗಾದ್ರೂ ಕೇಳಿ."

ಅವರಿಗೆ ಇಪ್ಪತ್ತೆಂಟು ವರ್ಷದಲ್ಲಿ ಯಾರನ್ನೂ ಕೇಳಿ ಅಭ್ಯಾಸವಿಲ್ಲ. ಕೈ ಹಿಂದೆ ತೆಗೆದು, "ತಪ್ಪಾತ್ರಿ" ಎಂದರು.

"ಬಿಡಿ. ಬಿಚ್ಚಿದ್ರೆ ಏನ್ ಬಂತು? ಕಾಯ್ದೆ ಹಾಗೇ ಇದೆಯಲ್ಲ. ನಾಳೆ ಕಮಿಟಿ. ಅವರು ಹೇಳೋದೂ ಇದೇ" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ಪುಟ್ಟಲಕ್ಷ್ಮಿ ಎಂದಿನಂತೆ ನೆಲದಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದಳು.

ಬಸ್ಸಿಳಿದು ಮನೆ ಹತ್ತಿರ ಬಂದಾಗ ನೋಡಿದರೆ ಅವರ ಹೆಗಲಲ್ಲಿ ಖಾಕಿ ಚೀಲವಿಲ್ಲ; ಆಶ್ರಮದಲ್ಲೇ ಬಿಟ್ಟು ಬಂದಿದ್ದರು. ಅವರು ಚೀಲ ಮರೆತದ್ದು ಅದೇ ಮೊದಲು. ಸಂಜೆ ಕೂತು ಕಮಿಟಿಗೆ ನಾಲ್ಕು ಪುಟದ ಅರ್ಜಿ ಬರೆದರು, ನಾನು ಚೊಕ್ಕವಾಗಿ ನಕಲು ಮಾಡಿಕೊಟ್ಟೆ. ಮಂಚದಿಂದ ಊಟದ ಮನೆಗೆ ಎಷ್ಟು ಮೀಟರ್, ತಟ್ಟೆ ಹೊತ್ತು ತರಲು ಎಷ್ಟು ನಿಮಿಷ, ದ್ರೌಪದಮ್ಮ ಕೂತಲ್ಲೇ ಎಷ್ಟು ಸೇರು ಅವರೆಕಾಯಿ ಸುಲಿಯಬಲ್ಲಳು ಎಲ್ಲವೂ ಅದರಲ್ಲಿತ್ತು. "ಅವರೇಕಾಯಿ ಸುಲಿದ್ರೆ ಮಾತ್ರ ಇರಬಹುದು ಅಂತಲಾ?" ಎಂದು ನಾನು ಕೇಳಿದೆ. ಅವರು ಆ ಸಾಲು ಹೊಡೆದುಹಾಕಿದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಮಿಟಿಯ ಅಧ್ಯಕ್ಷ ತ್ರಿವಿಕ್ರಮ ರಾಯರು ಇಬ್ಬರು ಸದಸ್ಯರೊಂದಿಗೆ ಬಂದರು. ರಾಯರಿಗೆ ಎಪ್ಪತ್ತೆಂಟಾಗಿತ್ತು, ಶಿಸ್ತಿನ ಮನುಷ್ಯ. ಜಗಲಿಯ ನಾಲ್ಕು ಮೆಟ್ಟಿಲು ಹತ್ತಿ ಹಾಲ್‌ನ ಬಾಗಿಲಲ್ಲಿ ಗಕ್ಕನೆ ನಿಂತರು. ಅರ್ಜಿ ಹಿಡಿದು ಬಂದಿದ್ದ ನಾವೂ ಅವರ ಹಿಂದೆ ನಿಂತೆವು.

ಹಾಲ್‌ನಲ್ಲಿ ಹದಿನಾಲ್ಕು ಮಂಚ. ಹದಿನಾಲ್ಕಕ್ಕೂ ಕಾಲ ಕಡೆಯ ಸರಳಿಗೆ ಕೆಂಪು ಚೀಟಿ. ಪ್ರತಿ ಮಂಚದ ಮೇಲೆ ಒಬ್ಬೊಬ್ಬ ಮುದುಕಿ ತಲೆ ಬಾಚಿ, ಒಗೆದ ಸೀರೆಯುಟ್ಟು, ಗಂಟು ಮೂಟೆ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು.

"ಏನ್ರೀ ಇದು ಜಯಸಿಂಹ?" ಎಂದರು ರಾಯರು.

ಜಯಸಿಂಹ ಹಣೆ ಒತ್ತಿಕೊಂಡು, "ಇದು ಶೇಖರಪ್ಪನವರ ಚೀಟಿ ಸಾರ್" ಎಂದ.

"ನಾ ಕಟ್ಟಿದ್ದು ಒಂದ್ರಿ" ಎಂದರು ಶೇಖರಪ್ಪನವರು. ಅವರಿಗೂ ಏನೂ ಅರ್ಥವಾಗಿರಲಿಲ್ಲ.

ಆಗ ಮಾತೇ ಆಡದ ಪುಟ್ಟಲಕ್ಷ್ಮಿ ಮಾತಾಡಿದಳು. ಆಕೆಯ ತೊಡೆಯ ಮೇಲೆ ಖಾಕಿ ಚೀಲವಿತ್ತು. "ಮಿಕ್ಕಿದ್ದು ನಾನ್ ಕಟ್ಟಿದೆ. ಎಲ್ಲರನ್ನೂ ಕೇಳೇ ಕಟ್ಟಿದೆ. ನನಗೆ ಒಬ್ಳೇ ಬಚ್ಚಲಿಗೆ ಹೋಗೋಕಾಗಲ್ಲ, ದ್ರೌಪದಮ್ಮ ಹಿಡ್ಕೊಂಡು ಹೋಗ್ತಿದ್ರು. ಆ ಕೊನೆಯವರಿಗೆ ಕಣ್ಣು ಕಾಣಲ್ಲ, ಊಟದ ಮನೆಗೆ ನಾವ್ ಕೈ ಹಿಡ್ಕೊಂಡು ಹೋಗ್ತೀವಿ. ಈ ಕಾಯ್ದೆ ಇದ್ರೆ ಇವತ್ತು ಅವರು, ನಾಳೆ ನಾವು. ಗಾಡಿ ಒಂದೇ ಸಲ ಬರ್ಲಿ, ನಿಮಗೂ ತೊಂದ್ರೆ ತಪ್ಪುತ್ತೆ."

ರಾಯರು ತಮಗಾಗಿ ಇಟ್ಟಿದ್ದ ಕುರ್ಚಿಯ ಕಡೆ ಹೋದರು. ಶೇಖರಪ್ಪನವರು ಜಗಳವಾಡಿ ತರಿಸಿದ ಅದೇ ಹೊಸ ಕುರ್ಚಿ. ಅದರ ಕೈಗೂ ಒಂದು ಕೆಂಪು ಚೀಟಿ ಕಟ್ಟಿತ್ತು.

"ಇದಕ್ಯಾಕಮ್ಮ?"

"ತಾವು ಬಂದಾಗಲೆಲ್ಲ ಮೆಟ್ಟಲು ಹತ್ತೋವಾಗ ಮುನಿಆಂಜಿನಪ್ಪನ ಭುಜ ಹಿಡ್ಕೋತೀರಿ. ಕಿಟಕಿಯಿಂದ ಕಾಣುತ್ತೆ" ಎಂದಳು ಪುಟ್ಟಲಕ್ಷ್ಮಿ.

ರಾಯರು ನಿಂತೇ ಇದ್ದರು. ನಾನು ಶೇಖರಪ್ಪನವರ ತೋಳು ತಿವಿದೆ, ನಾಲ್ಕು ಪುಟದ ಅರ್ಜಿ ಓದಲಿ ಎಂದು. ಅವರು ಕಾಗದ ತೆಗೆದರು, ಒಮ್ಮೆ ನೋಡಿ ಮಡಚಿ ಜೇಬಿಗೆ ಹಾಕಿದರು.

"ಸಾಹೇಬ್ರ, ನಾ ಒಂದು ಮಾತು ಹೇಳತೇನ್ರಿ" ಎಂದರು. "ನಾ ಫ್ಯಾಕ್ಟರ್‍ಯಾಗ ಒಮ್ಮೆ ಮುನ್ನೂರು ಬುಷ್‌ಗೆ ಕೆಂಪು ಚೀಟಿ ಕಟ್ಟಿದ್ದೆ."

ನಾನು ಕಣ್ಣು ಮುಚ್ಚಿಕೊಂಡೆ. ಈ ಮನುಷ್ಯ ಇಲ್ಲೂ ಅದೇ ಜಂಬ ಕೊಚ್ಚಲು ಶುರು ಮಾಡಿದರಲ್ಲ ಎಂದು ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ಬುಷ್‌ನ ತೂತು ನೋಡಾಕ ಒಂದು ಉಕ್ಕಿನ ಕಡ್ಡಿ ಇರತೈತ್ರಿ, ಗೇಜು ಅಂತೇವಿ. ಆ ಕಡ್ಡಿ ತೂತಿನ ಒಳಗ ಹೋಗಬಾರದು. ಹೋತಂದ್ರ ತೂತು ದೊಡ್ಡದಾಗೇತಿ ಅಂತ ಅರ್ಥ. ಅವತ್ತು ಮುನ್ನೂರರಾಗೂ ಹೋತು. ಮನ್ಸೂರ್ ಅಂತೇಳಿ ಒಬ್ಬ ಟರ್ನರ್, ಲೇತ್ ಮಶೀನಿನಾಂವ, ಮಾಡಿದ್ದ ಮಾಲು. ಅವಂಗ ಎಂಟು ದಿನ ಕೆಲಸದಿಂದ ಹೊರಗ ಹಾಕಿದ್ರು. ಸಾಹೇಬ್ರ, ಒಂದೋ ಎರಡೋ ತಪ್ಪಿದ್ರ ಅದು ಮಾಲಿನ ತಪ್ಪು. ಲಾಟ್ ಪೂರ್ತಿ ತಪ್ಪಿದ್ರ ಮೊದಲು ಗೇಜು ನೋಡಬೇಕ್ರಿ. ನನಗ ಅದು ಗೊತ್ತಿತ್ತು. ಸೊಕ್ಕಿಗೆ ನೋಡಲಿಲ್ಲ. ಹತ್ತನೇ ದಿನ ನೋಡಿದ್ರ ಗೇಜು ಸವದಿತ್ತು. ಮುನ್ನೂರೂ ಸರಿ ಇದ್ದವು. ನಾ ಇವತ್ತಿನ ತನಕಾ ಆ ಮನ್ಸೂರನ ಮುಂದ ತಪ್ಪಾತು ಅಂದಿಲ್ಲ."

ಅವರು ಮಂಚಗಳ ಸಾಲಿನ ಕಡೆ ಕೈ ತೋರಿಸಿ, "ಇಲ್ಲಿ ಹದಿನಾಲ್ಕಕ್ಕ ಹದಿನಾಲ್ಕೂ ಕೆಂಪು ಆಗ್ಯಾವ ಸಾಹೇಬ್ರ. ನಿಮ್ಮ ಹನ್ನೊಂದನೇ ನಿಯಮಾ ಒಮ್ಮೆ ನೋಡ್ರಿ" ಎಂದರು.

ನಾಲ್ಕು ವರ್ಷ ಮಾರ್ಚ್ ತಿಂಗಳ ಮಳೆಯ ಹಿಂದೆ ಅಡಗಿದ್ದ ಕತೆಯ ಕೊನೆ ಇದು. ಪಕ್ಕದ ಮನೆಯವಳಾದ ನನಗೇ ಹೇಳದ್ದನ್ನು ಅಷ್ಟು ಜನರ ಮುಂದೆ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು.

ರಾಯರು ಕೆಂಪು ಚೀಟಿಯ ಕುರ್ಚಿಯಲ್ಲಿ ಕೂತರು. ಅದರ ಕೈಗೆ ಕಟ್ಟಿದ್ದ ಚೀಟಿಯನ್ನು ತಿರುಗಿಸಿ ನೋಡುತ್ತ, "ಗೇಜು ಸವೆದಿದೆ ಅಂತ ಗೊತ್ತಾದ್ಮೇಲೆ ಏನ್ ಮಾಡಿದ್ರಿ?" ಎಂದು ಕೇಳಿದರು.

"ಹೊಸಾದು ಬರೂ ತನಕಾ ಒಂದು ಪೀಸನ್ನೂ ಹೊರಗ ಹಾಕಲಿಲ್ರಿ."

"ಬರ್ಕೊಳ್ಳಿ ಜಯಸಿಂಹ. ಹನ್ನೊಂದನೆಯ ನಿಯಮ ರದ್ದು. ಹೊಸ ನಿಯಮ ಬರೆಯೋವರೆಗೂ ಯಾರನ್ನೂ ಕಳಿಸೋದು ಬೇಡ. ಬರಲಾಗದವರಿಗೆ ತಟ್ಟೆ ಮಂಚಕ್ಕೇ ಬರಲಿ" ಎಂದರು ರಾಯರು. ಎದ್ದು ಹೋಗುವಾಗ ಬಚ್ಚಲಿನ ಕಲ್ಲಿಗೆ ಉಳಿ ಹೊಡೆಸಲೂ ಹೇಳಿದರು. ಶೇಖರಪ್ಪನವರು ಈ ಸಲ ಅದನ್ನು ಬಾಯಿಬಿಟ್ಟು ಕೇಳಿದ್ದರು.

ಮೆಟ್ಟಿಲಿಳಿಯುವಾಗ ರಾಯರು ಮುನಿಆಂಜಿನಪ್ಪನ ಭುಜ ಹಿಡಿದುಕೊಂಡರು. ಈ ಸಲ ಯಾರಿಗೂ ಕಾಣಬಾರದೆಂದು ಅತ್ತಿತ್ತ ನೋಡಲಿಲ್ಲ.

ಇನ್ನು ಚೀಟಿ ಬಿಚ್ಚಬೇಕಲ್ಲ. ಪುಟ್ಟಲಕ್ಷ್ಮಿ ತಾನು ಕಟ್ಟಿದ ಹದಿಮೂರನ್ನೂ ಕುರ್ಚಿಯದನ್ನೂ ಬಿಚ್ಚಿ, ದಾರ ಸುತ್ತಿ, ಚೀಲಕ್ಕೆ ಹಾಕಿ ಕೊಟ್ಟಳು. ಕೊಡುವಾಗ ತನ್ನ ಹಳೆಯ ಕುರ್ಚಿ ಷೆಡ್ಡಿನಲ್ಲಿ ಇನ್ನೂ ಇದೆಯೇ ಎಂದು ಕೇಳಿದಳು. ಶೇಖರಪ್ಪನವರು ತಾವೇ ಹೋಗಿ ಜೇಡರ ಬಲೆ ಒರೆಸಿ ಹೊತ್ತು ತಂದರು. ಉಳಿದದ್ದು ಒಂದು.

ಅವರು ದ್ರೌಪದಮ್ಮನ ಮಂಚದ ಕಾಲ ಬಳಿ ನೆಲದ ಮೇಲೆ ಕೂತರು. ಕೈ ಗಂಟಿನ ಬಳಿಗೆ ಹೋಗಿ ನಿಂತಿತು.

"ಬಿಚ್ಚಲೇನ್ರಿ, ದ್ರೌಪದಮ್ಮಾರ?" ಎಂದು ಕೇಳಿದರು.

ಅವಳು ಯೋಚಿಸುವವಳ ಹಾಗೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇವತ್ತು ಬೇಡ. ಮುಂದಿನ ಶನಿವಾರ ಬಂದು ಕೇಳಿ, ನೋಡೋಣ" ಎಂದಳು. 

ಮುಂದಿನ ಶನಿವಾರ ಕೇಳಿದರು. ಆಗಲೂ ಬೇಡ ಎಂದಳು. ಮಂಚದ ಕಾಲಿಗೆ ಮರದ ತುಂಡು ಹೊಡೆಸಿ ಓಲಾಡುವುದು ನಿಂತ ಮೇಲೂ ಬೇಡ ಎಂದಳು. ಅವಳಿಗೆ ಅದೊಂದು ಆಟವಾಯಿತು. ಮೂರೂವರೆ ವರ್ಷ, ಪ್ರತಿ ಶನಿವಾರ, ಹಾಲ್‌ಗೆ ಬಂದ ಕೂಡಲೇ ಅವರು ಮೊದಲು ಅವಳನ್ನು ಕೇಳಬೇಕು, ಅವಳು ಬೇಡ ಎನ್ನಬೇಕು, ಇಡೀ ಹಾಲ್ ನಗಬೇಕು. ಅವಳನ್ನು ಕೇಳಿ ಕೇಳಿ ಅಭ್ಯಾಸವಾಗಿ ಉಳಿದ ಹದಿಮೂರು ಜನರನ್ನೂ ಕೇಳತೊಡಗಿದರು: ಇಡ್ಲಿ ಎಷ್ಟು ದಪ್ಪ ಬೇಕು, ಕಿಟಕಿ ತೆರೆಯಲೇ, ಮುಚ್ಚಲೇ. ಒಂದು ಶನಿವಾರ ಮಾತ್ರ ಆಶ್ರಮಕ್ಕೆ ಬರಲಿಲ್ಲ. ಎಲ್ಲಿಗೆ ಹೋಗಿದ್ದರು ಎಂದು ಚನ್ನಕ್ಕನವರನ್ನು ಕೇಳಿದೆ. ಮನ್ಸೂರ್ ಎಂಬುವರ ಮನೆ ಹುಡುಕಿಕೊಂಡು ಹೋಗಿದ್ದಾರೆ ಎಂದರು.

೧೯೮೬ರ ಮಾಘದಲ್ಲಿ ದ್ರೌಪದಮ್ಮ ಅದೇ ಮಂಚದ ಮೇಲೆ, ಪುಟ್ಟಲಕ್ಷ್ಮಿ ಕೈ ಹಿಡಿದುಕೊಂಡಿದ್ದಾಗ ತೀರಿಕೊಂಡಳು. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದು, ಹಾಸಿಗೆ ಬಿಸಿಲಿಗೆ ಹಾಕಿದ್ದರು. ಬರಿಯ ಮಂಚದ ಸರಳಿನಲ್ಲಿ ಚೀಟಿ ಇತ್ತು, ಬಣ್ಣ ಮಾಸಿ ಗುಲಾಬಿಯಾಗಿತ್ತು. ಹೊಸಬರೊಬ್ಬರು ಮಂಚಕ್ಕೆ ಬರುವವರಿದ್ದರು. ಮುನಿಆಂಜಿನಪ್ಪ ಕುಡುಗೋಲು ತಂದು, "ಕುಯ್ದಾಕ್ಲಾ ಸಾಮಿ?" ಎಂದ.

ಶೇಖರಪ್ಪನವರು ಬೇಡವೆಂದು ಕೈ ಮಾಡಿ ನೆಲದ ಮೇಲೆ ಕೂತರು. ಗಂಟು ಬಿಗಿದು ಕಲ್ಲಾಗಿತ್ತು. ನಾನು ಸಹಾಯಕ್ಕೆ ಕೈ ಹಾಕಲಿಲ್ಲ; ಕಟ್ಟಿದವರೇ ಬಿಚ್ಚಬೇಕು. ಅವರು ಗಂಟಿಗೆ ಉಗುರು ಹಚ್ಚಿ, ಖಾಲಿ ಮಂಚದ ತಲೆಯ ಕಡೆ ನೋಡಿ ಕೇಳಿದರು, "ಬಿಚ್ಚಲೇನ್ರಿ?"

ಹಾಲ್‌ನಲ್ಲಿ ಯಾರೂ ನಗಲಿಲ್ಲ. ಆಮೇಲೆ ಪುಟ್ಟಲಕ್ಷ್ಮಿ ತನ್ನ ಮುರಿದ ಕುರ್ಚಿಯಿಂದ ಹೇಳಿದಳು, "ಹೂಂ, ಬಿಚ್ಚಿ."